ಜೀನಿನ ಕೆಳಗಿನ ಕಂಬಳಿ

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಒಂದು ಗಂಟೆ ಓಡಾಡಿ ಬಂದ ಕುದುರೆಯ ಬೆನ್ನಿನಿಂದ ಜೀನು ಇಳಿಸಿ, ಅದರ ಕೆಳಗಿನ ಹಾಸನ್ನು ಎತ್ತಿದ ಕೂಡಲೇ ಆ ಜಾಗಕ್ಕೆ ಅಂಗೈ ಇಟ್ಟು ನೋಡಿ. ಕತ್ತು, ಪಕ್ಕೆ, ತೊಡೆ ಎಲ್ಲವೂ ಬಿಸಿಯಾಗಿಯೇ ಇರುತ್ತವೆ. ಆದರೆ ಆ ಜಾಗದ ಬಿಸಿಯೇ ಬೇರೆ. ಮುಚ್ಚಿಟ್ಟ ಅನ್ನದ ಪಾತ್ರೆಯ ತಟ್ಟೆ ತೆಗೆದಾಗ ಕೈಗೆ ರಾಚುವ ಹಬೆಯಂಥದ್ದು. ಮೈಯ ಉಳಿದ ಭಾಗಕ್ಕೆ ಗಾಳಿ ತಾಗಿದೆ, ಬೆವರು ಆರಿದೆ. ಇಲ್ಲಿ ಮಾತ್ರ ಸವಾರನ ಭಾರ, ಚರ್ಮದ ಜೀನು, ಅದರ ಕೆಳಗೊಂದು ದಪ್ಪ ಬಟ್ಟೆ, ಇವು ಮೂರೂ ಸೇರಿ ಬೆವರನ್ನು ಹೊರಹೋಗಲು ಬಿಟ್ಟಿಲ್ಲ.

ಪಶುವೈದ್ಯನಾಗಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದಿದ್ದೇನೆ. ಅದಕ್ಕೂ ಮೊದಲಿಂದ ಕುದುರೆ ಹತ್ತುತ್ತಿದ್ದೇನೆ. ಬೇಸಗೆ ಬಂತೆಂದರೆ ನನ್ನ ಮುಂದೆ ಬರುತ್ತಿದ್ದ ಕುದುರೆಗಳಲ್ಲಿ ಬೆನ್ನು ಹುಣ್ಣಾದವು ಹೆಚ್ಚು. ಸವಾರಿ ಕಲಿಸುವ ಶಾಲೆಯ ಕುದುರೆ, ಜಟಕಾ ಎಳೆಯುವ ಕುದುರೆ, ಮದುವೆಯ ಮೆರವಣಿಗೆಗೆ ಹೋಗುವ ಕುದುರೆ, ಕುರಿಗಾಹಿಗಳ ಸಾಮಾನು ಹೊರುವ ತಟ್ಟು. ಯಜಮಾನರು ಬೇರೆ ಬೇರೆ, ಹುಣ್ಣಿನ ಜಾಗ ಮಾತ್ರ ಒಂದೇ. ಜೀನಿಗೂ ಚರ್ಮಕ್ಕೂ ನಡುವೆ ಇರುವ ಒಂದು ತುಂಡು ಬಟ್ಟೆಯ ಬಗ್ಗೆ ಇವತ್ತು ಮಾತಾಡಬೇಕೆಂದಿದ್ದೇನೆ. ಈಗಿನವರು ಅದನ್ನು ಸ್ಯಾಡಲ್ ಪ್ಯಾಡ್ ಅನ್ನುತ್ತಾರೆ. ನಾನು ಜೀನುಹಾಸು ಎಂದು ಕರೆಯುತ್ತೇನೆ.

ಕುದುರೆಯ ಬೆನ್ನಿಗೆ ಸಂಬಂಧಿಸಿದ ಮಾತು ನಮ್ಮ ಭಾಷೆಯಲ್ಲಿ ಕಡಿಮೆ ಇಲ್ಲ. ಹಳಗನ್ನಡದಲ್ಲಿ ಪಲ್ಲಣ, ಆಮೇಲೆ ಹಲ್ಲಣ. ತಡಿ ಎಂಬುದೂ ಇದೆ. ಪಾರಸಿಯಿಂದ ಬಂದ ಜೀನು ಈಗ ಎಲ್ಲರ ಬಾಯಲ್ಲಿ. ಇಂಗ್ಲಿಷ್ ಸವಾರರು ಜೀನಿನ ಕೆಳಗಿನ ಹಾಸಿಗೆ ನಮ್‌ನಾ ಎಂಬ ಹೆಸರನ್ನು ಬಳಸುತ್ತಾರೆ. ಅದು ಅವರ ಮಾತಲ್ಲ, ಪಾರಸಿಯಿಂದ ನಮ್ಮಲ್ಲಿಗೆ ಬಂದ ನಮದಾ. ನಮದಾ ಅಂದರೆ ನೂಲು ತೆಗೆಯದೆ, ಮಗ್ಗಕ್ಕೆ ಹಾಕದೆ, ಉಣ್ಣೆಯನ್ನೇ ಪದರಪದರವಾಗಿ ಹರಡಿ, ನೀರು ಹಾಕಿ ತುಳಿದು ಸುರುಳಿ ಸುತ್ತಿ ಗಟ್ಟಿ ಮಾಡಿದ ಹಾಸು. ಕಾಶ್ಮೀರದಲ್ಲಿ, ರಾಜಸ್ಥಾನದ ಟೋಂಕ್‌ನಲ್ಲಿ ಇವತ್ತಿಗೂ ಮಾಡುತ್ತಾರೆ. ಇಲ್ಲಿಗೆ ಬಂದ ಬ್ರಿಟಿಷ್ ಕುದುರೆಪಡೆಯವರು ಅದನ್ನು ತಮ್ಮ ಜೀನಿನ ಕೆಳಗೆ ಹಾಕಿಕೊಂಡರು, ಊರಿಗೆ ಹೋಗುವಾಗ ಹೆಸರನ್ನೂ ಒಯ್ದರು. ಆ ವಸ್ತುವನ್ನು ಅವರು ಯಾಕೆ ಆರಿಸಿಕೊಂಡರು ಎನ್ನುವುದು ಕುದುರೆಯ ಬೆವರಿನ ಕಥೆ ತಿಳಿದರೆ ತಾನಾಗಿ ಅರ್ಥವಾಗುತ್ತದೆ.

ಪ್ರಾಣಿಗಳಲ್ಲಿ ನಮ್ಮ ಹಾಗೆ ಮೈಯೆಲ್ಲ ಧಾರಾಳವಾಗಿ ಬೆವರಿ ತಂಪಾಗುವವು ಹೆಚ್ಚಿಲ್ಲ. ನಾಯಿ ನಾಲಿಗೆ ಚಾಚಿ ಏದುಸಿರು ಬಿಡುತ್ತದೆ, ಎಮ್ಮೆ ಕೆಸರಿಗೆ ಇಳಿಯುತ್ತದೆ. ಕುದುರೆ ಬೆವರುತ್ತದೆ. ದುಡಿಯುವ ಸ್ನಾಯು ತಾನು ಬಳಸಿದ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಓಟವಾಗಿ ಮಾರ್ಪಡಿಸುತ್ತದೆ. ಉಳಿದ ಮುಕ್ಕಾಲು ಪಾಲೆಲ್ಲ ಬಿಸಿಯೇ. ಸುಮ್ಮನೆ ನಿಂತ ಕುದುರೆಯ ಮೈಯ ಉಷ್ಣತೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಬಿಸಿಲಿನಲ್ಲಿ ಓಡಿದರೆ ಅದು 40 ದಾಟುವುದಕ್ಕೆ ಹೊತ್ತು ಬೇಡ. ಅದನ್ನು ತಡೆಯಲು ಕುದುರೆ ಗಂಟೆಗೆ 10ರಿಂದ 15 ಲೀಟರ್ ತನಕ ಬೆವರು ಸುರಿಸಬಲ್ಲದು. ಒಂದು ಕೊಡಕ್ಕೆ ಹತ್ತಿರದಷ್ಟು ನೀರು, ಒಂದು ಗಂಟೆಯಲ್ಲಿ! ಜೊತೆಗೆ ಆ ಬೆವರು ನಮ್ಮದಕ್ಕಿಂತ ಹೆಚ್ಚು ಉಪ್ಪು.

ಜೀನಿನ ಅಂಚಿನಲ್ಲಿ, ಲಗಾಮು ಉಜ್ಜುವ ಕತ್ತಿನ ಮೇಲೆ, ತೊಡೆಗಳ ನಡುವೆ ಬಿಳಿ ನೊರೆ ಕಟ್ಟುವುದನ್ನು ನೀವು ಕಂಡಿರಬೇಕು. ಅದು ಕೊಳೆಯಲ್ಲ. ಕುದುರೆಯ ಬೆವರಿನಲ್ಲಿ ಲ್ಯಾಥರಿನ್ ಎಂಬ ಪ್ರೋಟೀನ್ ಇದೆ, ಸಾಬೂನಿನಂಥ ಗುಣದ್ದು. ಕುದುರೆಯ ಮೈಮೇಲೆ ಒತ್ತಾಗಿ ಎಣ್ಣೆ ಹಿಡಿದ ಕೂದಲು ಇರುತ್ತದಲ್ಲ, ಬರೀ ನೀರಾಗಿದ್ದರೆ ಚರ್ಮದ ಮೇಲೆಯೇ ಹನಿಗಟ್ಟಿ ನಿಂತು ಜಾರಿ ಹೋಗುತ್ತಿತ್ತು. ಈ ಪ್ರೋಟೀನ್ ಇರುವುದರಿಂದ ಬೆವರು ಕೂದಲಿನ ತುದಿಯ ತನಕ ಹರಡಿ, ಗಾಳಿಗೆ ಒಡ್ಡಿಕೊಂಡು ಆರುತ್ತದೆ. ಆರುವುದೇ ಮುಖ್ಯ, ಸುರಿಯುವುದಲ್ಲ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಬಿಸಿ ಮೈಬಿಟ್ಟು ಹೋಗುತ್ತದೆ. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಕುದುರೆಗೆ ನಷ್ಟವೇ ಹೊರತು ತಂಪಿಲ್ಲ.

ಈಗ ಜೀನುಹಾಸಿನ ಕೆಳಗಿನ ಬೆವರನ್ನು ನೆನೆಯಿರಿ. ಅದು ಆರುವುದು ಎಲ್ಲಿಗೆ? ಅಂಗಡಿಯಲ್ಲಿ 'ಕುದುರೆಯನ್ನು ತಂಪಾಗಿಡುವ ಪ್ಯಾಡ್' ಎಂದು ಹೇಳಿ ಮಾರುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಯಾವ ಹಾಸೂ ಕುದುರೆಯನ್ನು ತಂಪು ಮಾಡುವುದಿಲ್ಲ. ಹಾಸು ಮುಚ್ಚುವುದು ಮೈಯ ಒಂದು ಸಣ್ಣ ಪಾಲನ್ನು. ತಂಪಾಗುವ ಕೆಲಸವನ್ನು ತೆರೆದ ಮೈ ಮಾಡುತ್ತದೆ, ಗಾಳಿ ಮಾಡುತ್ತದೆ, ನೀವು ಹೊಯ್ಯುವ ನೀರು ಮಾಡುತ್ತದೆ. ಹಾಸಿನ ಕೆಲಸ ಬೇರೆ. ಚರ್ಮದ ಮೇಲಿನ ಬೆವರನ್ನು ಹೀರಿ ಚರ್ಮವನ್ನು ಒದ್ದೆಯಾಗಿ ನೆನೆಯಲು ಬಿಡದಿರುವುದು, ಜೀನಿನ ಒತ್ತಡವನ್ನು ಹಂಚುವುದು, ತಾನು ಜರುಗದೆ, ಸುಕ್ಕುಗಟ್ಟದೆ, ಉಜ್ಜದೆ ಇರುವುದು. ಬಟ್ಟೆ ಒಗೆದು ಒಗೆದು ಬೆರಳ ತುದಿ ಮೆತ್ತಗಾದಾಗ ಸಣ್ಣ ಚಕ್ಕೆ ತಗುಲಿದರೂ ಸುಲಿದುಬಿಡುತ್ತದಲ್ಲ, ನೆನೆದ ಬೆನ್ನಿನ ಚರ್ಮವೂ ಹಾಗೆಯೇ. ಬೇಸಗೆಯ ಹುಣ್ಣು ಹೀಗೆ ಶುರುವಾಗುತ್ತದೆ.

ಬೇಸಗೆ ಎಂದೆ. ಯಾವ ಊರಿನ ಬೇಸಗೆ ಎಂಬುದನ್ನೂ ನೋಡಬೇಕು. ಕುದುರೆ ಸಾಕುವವರಲ್ಲಿ ಒಂದು ಹಳೆಯ ಲೆಕ್ಕವಿದೆ: ಆ ಹೊತ್ತಿನ ಉಷ್ಣತೆಯನ್ನು ಫ್ಯಾರನ್‌ಹೀಟ್‌ನಲ್ಲಿ ತೆಗೆದುಕೊಂಡು ಅದಕ್ಕೆ ಗಾಳಿಯ ತೇವಾಂಶದ ಶೇಕಡವನ್ನು ಕೂಡಿಸುವುದು. ಮೊತ್ತ 130ರೊಳಗಿದ್ದರೆ ಚಿಂತೆಯಿಲ್ಲ. 150 ದಾಟಿದರೆ, ಅದರಲ್ಲೂ ತೇವದ ಪಾಲು ದೊಡ್ಡದಾಗಿದ್ದರೆ, ಜೋಪಾನ. 180 ಮುಟ್ಟಿದರೆ ಜೀನು ಹಾಕಲೇಬಾರದು. ಕಲಬುರಗಿಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಬಿಸಿಲು, ತೇವಾಂಶ ಶೇಕಡ 20 ಎಂದುಕೊಳ್ಳಿ. 104ಕ್ಕೆ 20 ಸೇರಿದರೆ 124. ಅದೇ ದಿನ ಮಂಗಳೂರಿನಲ್ಲಿ 33 ಡಿಗ್ರಿ, ತೇವಾಂಶ ಶೇಕಡ 75. 91ಕ್ಕೆ 75 ಸೇರಿದರೆ 166. ಬಿಸಿಲು ಕಡಿಮೆಯಿದ್ದರೂ ಕಡಲ ತೀರದ ಕುದುರೆಗೆ ಕಷ್ಟ ಹೆಚ್ಚು, ಯಾಕೆಂದರೆ ಅಲ್ಲಿ ಬೆವರು ಆರುವುದಿಲ್ಲ. ಆದರೆ ಈ ಲೆಕ್ಕದಲ್ಲಿ ನೆತ್ತಿಯ ಮೇಲಿನ ಸೂರ್ಯ ಸೇರಿಲ್ಲ ಎಂಬುದನ್ನು ಬಯಲುಸೀಮೆಯವರು ಮರೆಯಬಾರದು. ಅಲ್ಲಿ ಬೆವರು ಬಂದದ್ದೂ ಆರಿದ್ದೂ ಕಣ್ಣಿಗೆ ಕಾಣುವುದಿಲ್ಲ. ಒಣಗಿದ ಮೈಯ ಮೇಲೆ ಉಪ್ಪಿನ ಬಿಳಿ ಗೆರೆ ಮಾತ್ರ ಉಳಿದಿರುತ್ತದೆ. ಕುದುರೆ ಬೆವರಿಲ್ಲ ಎಂದು ಮತ್ತೊಂದು ಸುತ್ತು ಓಡಿಸಿದವರನ್ನು ನಾನು ಕಂಡಿದ್ದೇನೆ.

1996ರ ಅಟ್ಲಾಂಟ ಒಲಿಂಪಿಕ್ಸ್‌ಗೆ ಮುನ್ನ ಇದೇ ಪ್ರಶ್ನೆ ಎದ್ದಿತ್ತು. ಬಿಸಿಯೂ ತೇವವೂ ಕೂಡಿದ ಆ ಊರಿನಲ್ಲಿ ಕುದುರೆಗಳನ್ನು ಓಡಿಸುವುದು ಹೇಗೆ ಎಂದು ಪಶುವೈದ್ಯ ವಿಜ್ಞಾನಿಗಳು ಹಲವು ವರ್ಷ ಕೆಲಸ ಮಾಡಿದರು. ಕಾದ ಕುದುರೆಯ ಮೈಗೆ ತಣ್ಣೀರು ಹೊಯ್ದರೆ ಸ್ನಾಯು ಸೆಟೆದುಕೊಳ್ಳುತ್ತದೆ ಎಂಬ ಹಳೆಯ ನಂಬಿಕೆ ಆಗ ಬಿದ್ದುಹೋಯಿತು. ನನಗೂ ನನ್ನ ಗುರುಗಳು ಹಾಗೆಯೇ ಹೇಳಿಕೊಟ್ಟಿದ್ದರು, ನಾನೂ ಎಷ್ಟೋ ಜನರಿಗೆ ಹಾಗೆಯೇ ಹೇಳಿದ್ದೆ. ಈಗ ಹೇಳುತ್ತೇನೆ: ಜೀನು, ಹಾಸು ಎರಡನ್ನೂ ಇಳಿಸಿ, ಕುದುರೆಯನ್ನು ನೆರಳಿಗೆ ತಂದು, ಮೈಯೆಲ್ಲ ನೆನೆಯುವಂತೆ ತಣ್ಣೀರು ಹೊಯ್ಯುತ್ತಲೇ ಇರಿ. ಬಾಯಿಗೂ ನೀರು ಕೊಡಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಸವಾರ ಫೌವಾದ್ ಮಿರ್ಜಾ ಸೀನ್ಯೂರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ ಸ್ಪರ್ಧಿಸಿದರು, 23ನೆಯವರಾಗಿ ಮುಗಿಸಿದರು. ಅಲ್ಲಿನ ಬಿಸಿಗೆ ಅಂಜಿ ಆ ಸ್ಪರ್ಧೆಯ ಕ್ರಾಸ್ ಕಂಟ್ರಿ ಬಯಲೋಟವನ್ನು ಬೆಳಗಿನ ಹೊತ್ತಿಗೇ ಇಟ್ಟಿದ್ದರು. ಲೋಕದ ಅತ್ಯುತ್ತಮ ಕುದುರೆಗಳಿಗೂ ಬೇಕಾದ ಆ ಎಚ್ಚರ ನಮ್ಮ ಜಟಕಾ ಕುದುರೆಗೂ ಬೇಕು.

ಹಾಸನ್ನು ಆರಿಸುವ ಮಾತಿಗೆ ಬರುತ್ತೇನೆ. ದಪ್ಪವಿದ್ದಷ್ಟೂ ಕುದುರೆಗೆ ಮೆತ್ತಗೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಒಂದು ಕಾಲದಲ್ಲಿ ನಾನೂ ಅಂದುಕೊಂಡಿದ್ದೆ. ಕಾವೇರಿ ಎಂಬ ಕಂದು ಹೆಣ್ಣು ಕುದುರೆ ನನ್ನಲ್ಲಿತ್ತು. ಕತ್ತು ಬೆನ್ನಿಗೆ ಸೇರುವಲ್ಲಿ ಎಲುಬು ಉಬ್ಬಿರುತ್ತದಲ್ಲ, ಹೆಗಲಿನ ಆ ಉಬ್ಬು ಅದಕ್ಕೆ ಎತ್ತರವಾಗಿತ್ತು. ಒಂದು ಅಂಗಡಿಯವರ ಮಾತು ನಂಬಿ, ಬೇಸಗೆಗೆ ಒಳ್ಳೆಯದೆಂದು ಎರಡು ಬೆರಳು ದಪ್ಪದ ಫೋಮ್ ಹಾಸು ತಂದೆ. ಜೀನು ಕಾವೇರಿಗೆ ಸರಿಯಾಗಿಯೇ ಕೂರುತ್ತಿತ್ತು. ಹಾಸು ಹಾಕಿದ ಮೇಲೆ ಬಿಗಿಯಾಯಿತು. ಅಳತೆಯ ಚಪ್ಪಲಿಯೊಳಗೆ ಎರಡು ಜೊತೆ ಕಾಲುಚೀಲ ಹಾಕಿಕೊಂಡಂತೆ. ಮೂರನೆಯ ದಿನ ನಾನು ಜೀನು ಹೊತ್ತು ಲಾಯದ ಬಾಗಿಲಿಗೆ ಬರುತ್ತಿದ್ದಂತೆಯೇ ಅದು ಕಿವಿ ಹಿಂದಕ್ಕೆ ಮಡಚಿತು. ಹೊಟ್ಟೆಪಟ್ಟಿ ಬಿಗಿಯುವಾಗ ತಿರುಗಿ ಕಚ್ಚಲು ಬಂತು. ಒಂದು ದಿನವೂ ಕಚ್ಚದ ಕುದುರೆ. ಮೊಂಡುತನವೆಂದುಕೊಂಡು ಗದರಿ ಹತ್ತಿದೆ. ಅವತ್ತು ಸಂಜೆ ಹೆಗಲುಬ್ಬಿನ ಎರಡೂ ಕಡೆ ಅಂಗೈಯಗಲ ಊದಿತ್ತು, ಮರುದಿನ ಚರ್ಮ ಕಿತ್ತಿತ್ತು. ಮಾಯಲು ಆರು ವಾರ ಹಿಡಿಯಿತು. ಅಲ್ಲಿ ಮತ್ತೆ ಬೆಳೆದ ಕೂದಲು ಬಿಳಿ. ಒತ್ತಡಕ್ಕೆ ಸಿಕ್ಕು ಕೂದಲ ಬುಡದ ಬಣ್ಣದ ಕಣಗಳು ಸತ್ತರೆ ಹಾಗಾಗುತ್ತದೆ. ಯಾವ ಕುದುರೆಯ ಬೆನ್ನಿನ ಮೇಲಾದರೂ ಹೆಗಲ ಹತ್ತಿರ ಬಿಳಿ ಮಚ್ಚೆ ಕಂಡರೆ ಅದನ್ನು ಹುಟ್ಟುಮಚ್ಚೆ ಎಂದು ನಂಬುವ ಮುನ್ನ ಎರಡು ಸಲ ನೋಡಿ.

ಹಾಗಾಗಿ ಮೊದಲು ಜೀನು ಕುದುರೆಗೆ ಸರಿಹೊಂದಬೇಕು. ಹೊಂದದ ಜೀನನ್ನು ಹಾಸಿನಿಂದ ಸರಿಮಾಡಲಾಗದು. ಹೊಂದಿದ ಜೀನಿನ ಕೆಳಗೆ ಬೇಸಗೆಯಲ್ಲಿ ತೆಳುವಾದ ಹಾಸು ಸಾಕು.

ಯಾವುದರ ಹಾಸು? ನನ್ನ ಆಯ್ಕೆ ಉಣ್ಣೆ. ಬಿಸಿಲಿಗೆ ಉಣ್ಣೆಯೇ ಎಂದು ಕೇಳುವವರಿದ್ದಾರೆ. ನಮ್ಮ ಕುರಿಗಾಹಿಗಳು ಉರಿಬಿಸಿಲಲ್ಲೂ ಕರಿ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಹೋಗುತ್ತಾರೆ, ಅವರನ್ನು ನೋಡಿ. ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಒಳಗೆ ಎಳೆದುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಎಳೆಗಳು ಗುಂಗುರಾಗಿರುವುದರಿಂದ ಭಾರ ಬಿದ್ದಾಗ ಕುಗ್ಗಿ, ಭಾರ ತೆಗೆದಾಗ ಮತ್ತೆ ಉಬ್ಬುತ್ತವೆ. ಉಬ್ಬುವಾಗ ಗಾಳಿ ಎಳೆದುಕೊಳ್ಳುತ್ತವೆ. ಕುದುರೆಯ ಹೆಜ್ಜೆಹೆಜ್ಜೆಗೂ ಜೀನು ಒಂದಿಷ್ಟು ಎದ್ದು ಕೂರುತ್ತದಲ್ಲ, ಅಷ್ಟು ಸಾಕು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾವೇರಿ ಸೀಮೆಯಲ್ಲಿ ಕುರುಬರ ಒಂದು ಮಂದೆ ಬೀಡುಬಿಟ್ಟಿತ್ತು. ಕುರಿಗಳಿಗೆ ಔಷಧಿ ಹಾಕಲು ಹೋಗಿದ್ದೆ. ಅವರ ಪಾತ್ರೆ ಪಡಗ, ನಡೆಯಲಾರದ ಮರಿಗಳು, ಬಲೆ, ಗೂಟ ಎಲ್ಲ ಒಂದು ಗಿಡ್ಡ ಕುದುರೆಯ ಮೇಲೆ. ಹೇರು ಇಳಿಸಿದಾಗ ನೋಡಿದರೆ ವರ್ಷದಲ್ಲಿ ಎಂಟು ತಿಂಗಳು ನಡೆಯುವ ಆ ಪ್ರಾಣಿಯ ಬೆನ್ನ ಮೇಲೆ ಒಂದು ಗೀರಿಲ್ಲ. ನಾಲ್ಕು ಮಡಿಕೆಯ ಹಳೆ ಕಂಬಳಿ ಹಾಸಿದ್ದರು. ಮಂದೆಯ ಹಿರಿಯ ನನ್ನ ಕೈ ಹಿಡಿದು ಕಂಬಳಿಯ ಕೆಳಮೈ ಮೇಲೆ ಸವರಿಸಿದ. "ಸಾಹೇಬ್ರ, ಹೇರು ಹಾಕೂಕಿಂತ ಮೊದ್ಲ ಹಿಂಗ ಅಂಗೈ ಆಡಸ್ತೀವ್ರಿ. ಅಂಗೈಗೆ ಚುಚ್ಚಿದ್ದು ಅದರ ಬೆನ್ನಿಗೂ ಚುಚ್ಚತೈತಿ" ಅಂದ. ಉತ್ತರಾಣಿಯ ಬೀಜ, ನೆಗ್ಗಿಲು ಮುಳ್ಳು, ಒಣಹುಲ್ಲಿನ ಸಿಬಿರು, ಇವೆಲ್ಲ ಕಂಬಳಿಗೆ ಹೇಗೆ ಅಂಟುತ್ತವೆಂದು ಗೊತ್ತಲ್ಲ. "ಹೊಸಾದು ಯಾಕ ಹಾಕಂಗಿಲ್ಲರಿ ಅಜ್ಜಾರ?" ಎಂದು ಕೇಳಿದೆ. "ಹೊಸಾದು ಗಂಜಿ ಕುಡದಿರತೈತ್ರಿ. ಮೊದ್ಲ ನಾವು ಹೊದಿಬೇಕು, ಒಗಿಬೇಕು, ಆಮ್ಯಾಲ ಅದಕ್ಕ" ಎಂದ. ಪಶುವೈದ್ಯ ಕಾಲೇಜಿನಲ್ಲಿ ನನಗೆ ಯಾರೂ ಹೇಳದ ಪಾಠ ಅದು. ನಮ್ಮ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕುತ್ತಾರೆ. ಬಿರುಸಾಗಲಿ, ಮಳೆ ನೀರು ಜಾರಲಿ ಎಂದು. ಕುದುರೆಯ ಬೆನ್ನಿಗೆ ಆ ಬಿರುಸು ಸಲ್ಲದು. ಚಳ್ಳಕೆರೆಯಿಂದಲೋ ಬೇರೆಡೆಯಿಂದಲೋ ಕಂಬಳಿ ತಂದು ಹಾಸು ಮಾಡಿಕೊಳ್ಳುವವರು ಮೂರು ನಾಲ್ಕು ಸಲ ನೀರಿನಲ್ಲಿ ನೆನೆಸಿ ಗಂಜಿ ಬಿಡಿಸಿ. ಡೆಕ್ಕನಿ ಕುರಿಯ ಉಣ್ಣೆ ಒರಟು, ಆದ್ದರಿಂದ ಕೆಳಗೆ ಒಂದು ಪದರ ಹತ್ತಿ ಬಟ್ಟೆ ಹೊಲಿಸಿದರೆ ತೆಳು ಚರ್ಮದ ಕುದುರೆಗೂ ಆಗುತ್ತದೆ.

ಹತ್ತಿಯ ಹಾಸೂ ಒಳ್ಳೆಯದೇ. ಎರಡು ಬಟ್ಟೆಗಳ ನಡುವೆ ತೆಳ್ಳಗೆ ಹತ್ತಿ ತುಂಬಿ ಚೌಕಚೌಕವಾಗಿ ಹೊಲಿದದ್ದು ಎಲ್ಲ ಕಡೆ ಸಿಗುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ನಮ್ಮ ಉತ್ತರ ಕರ್ನಾಟಕದ ಕೌದಿ ನೆನಪಾಗುತ್ತದೆ. ಹಳೆ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಒತ್ತೊತ್ತಾಗಿ ಕೈಹೊಲಿಗೆ ಹಾಕಿದ ಕೌದಿ, ಬಹಳ ಸಲ ಒಗೆದು ಮೆತ್ತಗಾದ ಹತ್ತಿ. ಜೀನಿನ ಅಳತೆಗೆ ಅಂಥದ್ದೊಂದನ್ನು ಹೊಲಿಸಿ ನಾನು ಬಳಸಿದ್ದೇನೆ. ಹತ್ತಿ ಬೇಗ ಹೀರುತ್ತದೆ, ಆದರೆ ತುಂಬಿದ ಮೇಲೆ ಒದ್ದೆಯಾಗಿಯೇ ಕೂರುತ್ತದೆ. ಮುಕ್ಕಾಲು ಗಂಟೆಯ ಸವಾರಿಗೆ ಸಾಕು. ದಿನಕ್ಕೆ ಎರಡು ಸಲ ಹತ್ತುವವರು ಎರಡು ಹಾಸು ಇಟ್ಟುಕೊಳ್ಳಬೇಕು, ಬೆಳಗಿನ ಒದ್ದೆ ಹಾಸನ್ನು ಸಂಜೆಗೆ ಹಾಕಕೂಡದು. ಕುರಿಯ ಚರ್ಮವನ್ನು ಉಣ್ಣೆಸಮೇತ ಹದಮಾಡಿದ ಹಾಸು ಬಲು ಚೆಂದ, ಬಲು ದುಬಾರಿ. ಜೋಪಾನ ಮಾಡಲು ಪುರುಸೊತ್ತಿದ್ದವರು ಮಾತ್ರ ಕೊಳ್ಳಲಿ.

ನಿಯೋಪ್ರಿನ್ ಎಂಬ ರಬ್ಬರಿನಂಥ ಹಾಸು ನನಗೆ ಬೇಡ. ಜಾರದೆ ಗಟ್ಟಿಯಾಗಿ ನಿಲ್ಲುತ್ತದೆ, ತೊಳೆಯುವುದು ಸುಲಭ, ನಿಜ. ಆದರೆ ಗಾಳಿ ಆಡುವುದಿಲ್ಲ, ಕೆಲವು ಕುದುರೆಗಳಿಗೆ ಅದರ ಕೆಳಗೆ ಗುಳ್ಳೆಗಳೇಳುತ್ತವೆ. ಜೆಲ್ ತುಂಬಿದ್ದು ಮೊದಲು ತಣ್ಣಗೆ ಅನ್ನಿಸಿ, ಬಿಸಿಲಿಗೆ ಕಾದ ಮೇಲೆ ಆ ಕಾವನ್ನು ಬಿಡುವುದಿಲ್ಲ. ಜೇನುಗೂಡಿನ ಹಾಗೆ ಕಣ್ಣುಕಣ್ಣಾಗಿ ನೇಯ್ದ ನೈಲಾನ್ ಜಾಲರಿಯ ಹಾಸುಗಳು ಈಗ ಬಂದಿವೆ. ಅವುಗಳಲ್ಲಿ ಕೆಲವು ಚೆನ್ನಾಗಿವೆ, ಬೇಗ ಒಣಗುತ್ತವೆ. ಆದರೆ ಹೀರುವುದಿಲ್ಲ, ಕೆಳಗೆ ತೆಳು ಹತ್ತಿ ಇರಲಿ. ಅಂಗಡಿಯಲ್ಲಿ ಚೀಟಿ ಓದುತ್ತ ನಿಲ್ಲಬೇಡಿ. ಹಾಸನ್ನು ಬಾಯಿಗೆ ಒತ್ತಿ ಊದಿ, ಆಚೆ ಕಡೆ ಅಂಗೈಗೆ ಉಸಿರು ತಾಗುತ್ತದೆಯೇ ನೋಡಿ. ಕೆಳಮೈ ಮೇಲೆ ಒಂದು ಚಮಚ ನೀರು ಹಾಕಿಸಿ, ಹೀರಿಕೊಂಡಿತೋ ಮುತ್ತಾಗಿ ಉರುಳಿತೋ ಗಮನಿಸಿ. ಮುಷ್ಟಿಯಲ್ಲಿ ಹಿಂಡಿ ಬಿಡಿ, ಮತ್ತೆ ಉಬ್ಬದ್ದನ್ನು ಅಲ್ಲೇ ಇಟ್ಟು ಬನ್ನಿ.

ಬಣ್ಣ ಬಿಳಿಯಿರಲಿ. ಬಿಸಿಲು ಕಡಿಮೆ ಹೀರುತ್ತದೆ ಎನ್ನುವುದು ಸಣ್ಣ ಕಾರಣ. ಬಿಳಿಯ ಮೇಲೆ ಎಲ್ಲವೂ ಕಾಣುತ್ತದೆ ಎನ್ನುವುದು ದೊಡ್ಡ ಕಾರಣ: ಬೆವರಿನ ಅಚ್ಚು, ಕೀವಿನ ಹಳದಿ, ರಕ್ತದ ಒಂದು ಹನಿ. ಜೀನಿನ ಅಂಚಿಗಿಂತ ಎರಡು ಬೆರಳು ಹೊರಗೆ ಬರುವಷ್ಟು ದೊಡ್ಡದಿರಬೇಕು. ಚಿಕ್ಕದಾದರೆ ಹಾಸಿನ ಅಂಚಿನ ಹೊಲಿಗೆ ಜೀನಿನ ಕೆಳಗೇ ಬಿದ್ದು ಗೆರೆ ಕೊರೆಯುತ್ತದೆ. ಮೇಲಿನ ಅಂಚು ಕುದುರೆಯ ಬೆನ್ನಿನ ಬಾಗಿಗೆ ತಕ್ಕಂತೆ ಬಳುಕಿರಬೇಕು. ನೇರವಾಗಿ ಕತ್ತರಿಸಿದ ಹಾಸು ಹೆಗಲುಬ್ಬಿನ ಮೇಲೆ ಬಿಗಿದು ಕೂರುತ್ತದೆ.

ಹಾಸು ಹಾಕುವ ರೀತಿ ಇದಕ್ಕಿಂತಲೂ ಮುಖ್ಯ. ಮೊದಲು ಬೆನ್ನನ್ನು ಬ್ರಷ್ಷಿನಿಂದ ಉಜ್ಜಿ ಮಣ್ಣು, ಹೊಟ್ಟು ತೆಗೆಯಬೇಕು. ಹಾಸನ್ನು ಬೇಕಾದ ಜಾಗಕ್ಕಿಂತ ಒಂದು ಗೇಣು ಮುಂದೆ ಇಟ್ಟು ಹಿಂದಕ್ಕೆ ಎಳೆಯಬೇಕು, ಆಗ ಕೂದಲು ತನ್ನ ದಿಕ್ಕಿಗೆ ಮಲಗುತ್ತದೆ. ಹೆಚ್ಚು ಹಿಂದೆ ಬಂದರೆ ಮುಂದಕ್ಕೆ ತಳ್ಳಕೂಡದು, ಎತ್ತಿ ಮತ್ತೆ ಇಡಬೇಕು. ಜೀನು ಇಟ್ಟ ಮೇಲೆ, ಹೊಟ್ಟೆಪಟ್ಟಿ ಬಿಗಿಯುವ ಮುನ್ನ, ಮುಂದಿನಿಂದ ಬೆರಳು ತೂರಿಸಿ ಹಾಸನ್ನು ಜೀನಿನ ಕಮಾನಿನೊಳಗೆ ಮೇಲೆತ್ತಬೇಕು. ಗುಡಾರದ ನಡುಗಂಬ ಬಟ್ಟೆಯನ್ನು ಎತ್ತಿ ಹಿಡಿದಂತೆ. ಬೆನ್ನೆಲುಬಿನ ಉದ್ದಕ್ಕೂ ಹಿಂದಿನ ತನಕ ಬೆಳಕು ಕಾಣುವಂಥ ಒಂದು ದಾರಿ ಉಳಿಯಬೇಕು. ಜೀನಿನ ಕೆಳಗೆ ಗಾಳಿ ಓಡಾಡುವುದು ಆ ದಾರಿಯಲ್ಲಿ ಮಾತ್ರ. ಕಾವೇರಿಯ ವಿಷಯದಲ್ಲಿ ನಾನು ಮಾಡದೇ ಹೋದ ಕೆಲಸ ಇದೇ.

ಮಡಿಸಿದ ಕಂಬಳಿಯ ಗುಣ ಹೇಳುವಾಗ ನಮ್ಮ ಮೈಸೂರು ಸಂಸ್ಥಾನದ ಕುದುರೆಪಡೆ ಮೈಸೂರು ಲ್ಯಾನ್ಸರ್ಸ್ ಅನ್ನು ನೆನೆಯಬೇಕು. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರ ಬೇಸಗೆಯಲ್ಲಿ, ಆ ಪಡೆ ಪ್ಯಾಲೆಸ್ಟೈನ್ ಸೀಮೆಯ ಜೋರ್ಡನ್ ಕಣಿವೆಯಲ್ಲಿತ್ತು. ಸಮುದ್ರಮಟ್ಟಕ್ಕಿಂತ ನೂರಾರು ಮೀಟರ್ ಕೆಳಗಿನ ಜಾಗ, ಧೂಳು, ಉರಿ. ಜುಲೈ 14ರಂದು ಅಲ್ಲಿ ಜೋಧ್‌ಪುರದ ಕುದುರೆಪಡೆಯೊಂದಿಗೆ ಸೇರಿ ಕಾದಿದರು. ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಕುದುರೆಯ ಮೇಲಿಂದಲೇ ಗೆದ್ದರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಆ ಕಾಲದ ಸೇನಾ ಜೀನಿನ ಕೆಳಗೆ ಇರುತ್ತಿದ್ದದ್ದು ಮಡಿಸಿದ ಉಣ್ಣೆಯ ಕಂಬಳಿ. ತಿಂಗಳುಗಟ್ಟಲೆ ನಡೆದು ಮೇವು ಸಾಲದೆ ಕುದುರೆ ಬಡವಾದರೆ ಮಡಿಕೆ ಬದಲಿಸಿ ದಪ್ಪ ಹೆಚ್ಚಿಸಬಹುದು. ಮೈ ತುಂಬಿಕೊಂಡರೆ ತೆಳುವಾಗಿಸಬಹುದು. ಒಂದು ಭಾಗ ಬೆವರಿನಿಂದ ಗಟ್ಟಿಯಾದರೆ ಇನ್ನೊಂದು ಮೈಯನ್ನು ಕೆಳಗೆ ಮಾಡಬಹುದು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಇಂದಿನ ಹಾಸಿಗೆ ಈ ಗುಣವಿಲ್ಲ. ಮಡಿಕೆಯ ಕಂಬಳಿ ಬಳಸುವವರು ಮಡಿಕೆಯ ತುದಿ ಬೆನ್ನೆಲುಬಿನ ಮೇಲೆ ಬರದಂತೆ ನೋಡಿಕೊಂಡರೆ ಸಾಕು.

ಸವಾರಿಯ ಕೊನೆಯ ಹತ್ತು ನಿಮಿಷ ಇಳಿದು, ಹೊಟ್ಟೆಪಟ್ಟಿಯನ್ನು ಎರಡು ತೂತು ಸಡಿಲಿಸಿ, ನಡೆಸಿಕೊಂಡು ಬನ್ನಿ. ಜೀನು ಇಳಿಸಿದ ಮೇಲೆ ನೀರು ಹೊಯ್ಯುವ ಮುನ್ನ ಒಂದು ನಿಮಿಷ ಬೆನ್ನನ್ನು ಓದಬೇಕು. ಎರಡೂ ಕಡೆ ಬೆವರು ಸಮವಾಗಿ ಹರಡಿದ್ದರೆ ಒಳ್ಳೆಯದು. ಸುತ್ತ ಒದ್ದೆಯಾಗಿ ನಡುವೆ ಅಂಗೈಯಷ್ಟು ಒಣ ಕಲೆ ಇದ್ದರೆ ಎಚ್ಚರ. ಅಲ್ಲಿ ಒತ್ತಡ ಎಷ್ಟು ಬಿದ್ದಿದೆಯೆಂದರೆ ಬೆವರಿನ ಗ್ರಂಥಿಯೇ ಕೆಲಸ ನಿಲ್ಲಿಸಿದೆ. ಕೆಲವೊಮ್ಮೆ ಜೀನು ಅಲ್ಲಿ ತಾಗದೆಯೂ ಒಣಗಿರಬಹುದು. ಎರಡರಲ್ಲಿ ಯಾವುದು ಎನ್ನುವುದನ್ನು ಬೆರಳು ಹೇಳುತ್ತದೆ. ಮೆಲ್ಲಗೆ ಒತ್ತಿ, ಕುದುರೆ ಬೆನ್ನು ತಗ್ಗಿಸಿದರೆ ಅಲ್ಲಿ ನೋವಿದೆ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಊತ ಎಷ್ಟೋ ಸಲ ಆಮೇಲೆ ಏಳುತ್ತದೆ. ಎದ್ದಿದ್ದರೆ ಇಳಿಯುವ ತನಕ ಜೀನು ಬೇಡ. ಒಂದು ದಿನದ ಬಾಡಿಗೆ ಹೋಗುತ್ತದೆ ಎಂದು ಜಟಕಾದವರು ನನ್ನೊಡನೆ ವಾದಿಸಿದ್ದಾರೆ, ಅವರ ಕಷ್ಟ ನನಗೆ ಗೊತ್ತು. ಆದರೆ ಊತವಿದ್ದಾಗ ಎರಡು ದಿನ ಬಿಟ್ಟರೆ ಮಾಯುತ್ತದೆ, ಚರ್ಮ ಕಿತ್ತ ಮೇಲೆ ಮಾಯಲು ವಾರಗಟ್ಟಲೆ ಬೇಕು.

ಇನ್ನು ಹಾಸಿನ ಆರೈಕೆ. ಬಿಚ್ಚಿದ ಹಾಸನ್ನು ಜೀನಿನ ಜೊತೆಗೇ ಮಡಚಿ ಕೋಣೆಗೆ ಎಸೆಯಬೇಡಿ. ಕೆಳಮೈ ಮೇಲಾಗಿ ಹಗ್ಗದ ಮೇಲೆ ಹರಡಿ. ಹತ್ತಿಯದಾದರೆ ಬಿಸಿಲಿಗೆ, ಉಣ್ಣೆಯದಾದರೆ ಗಾಳಿಯಾಡುವ ನೆರಳಿಗೆ, ಕುರಿಚರ್ಮದ್ದಾದರೆ ಖಂಡಿತ ನೆರಳಿಗೆ, ಬಿಸಿಲು ಬಿದ್ದರೆ ಆ ಚರ್ಮ ಹಪ್ಪಳವಾಗುತ್ತದೆ. ಒಣಗಿದ ಮೇಲೆ ಗಡಸು ಬ್ರಷ್ಷಿನಿಂದ ಕೂದಲು, ಉಪ್ಪು ಕೆರೆದು ತೆಗೆಯಿರಿ. ಒಣಗಿ ಕಲ್ಲಾದ ಬೆವರಿನ ಉಪ್ಪು ಮರುದಿನ ಮರಳುಕಾಗದದಂತೆ ಉಜ್ಜುತ್ತದೆ.

ಬೇಸಗೆಯಲ್ಲಿ ಹತ್ತಿಯ ಹಾಸನ್ನು ಎರಡು ಮೂರು ಸವಾರಿಗೊಮ್ಮೆ ಒಗೆಯಲೇಬೇಕು. ಸೋಪಿನ ಪುಡಿ ಕಡಿಮೆ, ಜಾಲಿಸುವ ನೀರು ಹೆಚ್ಚು. ಬಟ್ಟೆಯಲ್ಲಿ ಉಳಿದ ಸೋಪು ಬೆವರಿನೊಡನೆ ಸೇರಿ ಚರ್ಮವನ್ನು ಸುಡುತ್ತದೆ. ಘಮಘಮಿಸುವ ಕಂಡೀಷನರ್ ಬೇಡವೇ ಬೇಡ, ಅದು ಎಳೆಗಳ ಮೇಲೆ ಪೊರೆ ಕಟ್ಟಿ ಹೀರುವ ಗುಣವನ್ನೇ ಕೆಡಿಸುತ್ತದೆ. ಉಣ್ಣೆಗೆ ನಮ್ಮ ಅಂಟುವಾಳಕಾಯಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ರಾತ್ರಿ ನೆನೆಹಾಕಿ, ಬೆಳಗ್ಗೆ ಹಿಸುಕಿ ಸೋಸಿ, ಆ ನೊರೆನೀರು ತಣ್ಣಗಿರುವಾಗಲೇ ಕಂಬಳಿಯನ್ನು ಮುಳುಗಿಸಿ ಅದುಮಬೇಕು. ತಿಕ್ಕಿದರೆ, ಬಿಸಿನೀರು ಹಾಕಿದರೆ ಉಣ್ಣೆ ಸೇದಿಕೊಂಡು ಚಿಕ್ಕದಾಗುತ್ತದೆ. ನಮದಾ ಮಾಡುವವರು ಬೇಕೆಂದೇ ಮಾಡುವ ಕೆಲಸ ಅದು, ನಮಗೆ ಇಲ್ಲಿ ಬೇಡ. ಹಿಂಡದೆ ನೀರು ಬಸಿಯಲು ಬಿಡಿ.

ಒಂದು ಲಾಯದಲ್ಲಿ ಆರು ಕುದುರೆಗಳಿದ್ದು ಎರಡೇ ಹಾಸುಗಳಿದ್ದರೆ ಹುಳುಕಡ್ಡಿ ಆರಕ್ಕೂ ಹರಡುತ್ತದೆ. ಹಾಸಿನಿಂದ, ಬ್ರಷ್ಷಿನಿಂದ, ಹೊಟ್ಟೆಪಟ್ಟಿಯಿಂದ ಹಬ್ಬುವ ಶಿಲೀಂಧ್ರ ಅದು, ಸಾಕುವವರ ಕೈಗೂ ಬರುತ್ತದೆ. ಪ್ರತಿ ಕುದುರೆಗೂ ತನ್ನದೇ ಹಾಸು ಇರಲಿ, ಮೂಲೆಯಲ್ಲಿ ಹೆಸರು ಹೊಲಿಸಿ. ಬಡ ಲಾಯಗಳಿಗೆ ಇದು ಭಾರವೆನ್ನಿಸಬಹುದು, ಅದಕ್ಕೇ ಕೌದಿಯ ಮಾತು ಹೇಳಿದ್ದು. ಹಳೆ ಸೀರೆ, ಹಳೆ ಪಂಚೆ, ಒಂದು ಮಧ್ಯಾಹ್ನದ ಕೈಹೊಲಿಗೆ. ಅದರ ಮುಂದೆ ಮುಲಾಮಿನ ಖರ್ಚು ದೊಡ್ಡದು.

ಕಾವೇರಿ ನನ್ನ ಬಳಿ ಇನ್ನೂ ಒಂಬತ್ತು ವರ್ಷ ಇತ್ತು. ಹುಣ್ಣು ಮಾಯ್ದ ಮೇಲೆ ಅದಕ್ಕೆ ಹಾಕಿದ್ದು ಗಂಜಿ ಬಿಡಿಸಿದ ಒಂದು ಕಂಬಳಿ, ಕೆಳಗೆ ನನ್ನ ತಾಯಿಯ ಹಳೆ ಇಳಕಲ್ ಸೀರೆಯ ಒಂದು ಪದರ. ಮೊದಲ ಕೆಲವು ವಾರ ಜೀನು ಕಂಡರೆ ಸಾಕು, ಅದರ ಬೆನ್ನಿನ ಚರ್ಮ ಅದುರುತ್ತಿತ್ತು. ಜೀನು ಬದಿಗಿಟ್ಟು, ಬರೀ ಕಂಬಳಿ ಹೊದಿಸಿ, ಅದರ ಕೆಳಗೆ ಕೈ ತೂರಿಸಿ, ಹುಲ್ಲು ಮೇಯುತ್ತಿರುವಾಗ ಜೊತೆಗೆ ನಿಲ್ಲುತ್ತಿದ್ದೆ. ಒಂದು ಬೆಳಗ್ಗೆ ಅದುರುವುದು ನಿಂತಿತು. ಅವತ್ತೂ ಹತ್ತಲಿಲ್ಲ. ಕೆರೆ ಏರಿಯ ತನಕ ನಡೆಸಿಕೊಂಡು ಹೋಗಿ ಬಂದೆ, ಹಾಸು ತೆಗೆದು ಕೆಳಗೆ ಅಂಗೈ ಇಟ್ಟೆ. ಬೆಚ್ಚಗಿತ್ತು, ಒಣಗಿತ್ತು.